ರಾಯಚೂರು ಸೀಮೆಯ ಕಾಲೇಜು ಒಕ್ಕೂಟಗಳು

ನಿಜಾಮರ ಆಳ್ವಿಕೆಯಲ್ಲಿ ರಾಯಚೂರು ಸೀಮೆಯ ಉನ್ನತ ಶಿಕ್ಷಣ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಬೋಧನೆ ಉರ್ದುವಿನಲ್ಲಿ. ವಿದ್ಯಾರ್ಥಿಗಳು ಒಟ್ಟಾಗಿ ದನಿ ಎತ್ತಿದ್ದು 1938ರಲ್ಲಿ. ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಬಾರದೆಂದಾಗ ಅವರು ತರಗತಿ ಬಿಟ್ಟು ಹೊರಬಂದರು. ಕಾಲೇಜಿನಿಂದ ಹೊರಹಾಕಿದವರಲ್ಲಿ ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಪ್ರವೇಶ ಕೊಟ್ಟಿತು, ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬಂದವು; 1980ರಿಂದ ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗೆ. ಧಾರವಾಡದ ಪದ್ಧತಿಯೊಂದಿಗೆ ಜಿಮಖಾನಾ, ಜಿ.ಎಸ್., ಯು.ಆರ್. ಎಂಬ ಮಾತುಗಳೂ ಬಂದವು. ಜಿಮಖಾನಾ ಎಂದರೆ ಕ್ರೀಡಾ ಸಂಘ, ಜಿ.ಎಸ್. ಎಂದರೆ ಪ್ರಧಾನ ಕಾರ್ಯದರ್ಶಿ, ಯು.ಆರ್. ಎಂದರೆ ವಿಶ್ವವಿದ್ಯಾಲಯಕ್ಕೆ ಕಾಲೇಜಿನ ಪ್ರತಿನಿಧಿ. ಒಕ್ಕೂಟದ ಚುನಾವಣೆಗೆ ನಿಂತವರು ಮೇಷ್ಟ್ರ ಅಪ್ಪಣೆ ಕೇಳಿ ಕರಿಹಲಗೆಯ ಮುಂದೆ ನಿಂತು ನಾಲ್ಕು ಮಾತಾಡಬೇಕಿತ್ತು, ಸಂಜೆ ಹಾಸ್ಟೆಲಿನ ಕೋಣೆ ಕೋಣೆ ತಿರುಗಬೇಕಿತ್ತು. ಹಳ್ಳಿಯಿಂದ ಬಂದ ಹುಡುಗನಿಗೆ ಅಷ್ಟು ಜನರೆದುರು ಬಾಯಿ ಬಿಡುವುದೇ ದೊಡ್ಡ ಪಾಠವಾಗಿತ್ತು. ರಾಜ್ಯದ ಎಷ್ಟೋ ರಾಜಕಾರಣಿಗಳು ಪಳಗಿದ್ದು ಇಂಥ ಚುನಾವಣೆಗಳಲ್ಲೇ.

ಆದರೆ ಪಕ್ಷ, ಜಾತಿ, ದುಡ್ಡು ಒಳಹೊಕ್ಕವು, ಹೊಡೆದಾಟಗಳಾದವು. 1989-90ರ ಹೊತ್ತಿಗೆ ರಾಜ್ಯ ಸರ್ಕಾರ ಈ ಚುನಾವಣೆಗಳನ್ನೇ ನಿಲ್ಲಿಸಿತು. ಒಕ್ಕೂಟವೇನೋ ಉಳಿಯಿತು. ಪ್ರಾಂಶುಪಾಲರು ಅಧ್ಯಕ್ಷರು, ಅಧ್ಯಾಪಕರೊಬ್ಬರು ಸಲಹೆಗಾರರು, ಹೆಚ್ಚು ಅಂಕ ಪಡೆದವರು ತರಗತಿ ಪ್ರತಿನಿಧಿಗಳು. ಉದ್ಘಾಟನೆ, ಕ್ರೀಡಾಕೂಟ, ವಾರ್ಷಿಕೋತ್ಸವ ತಪ್ಪಲಿಲ್ಲ. ಹಾಸ್ಟೆಲಿನ ಊಟ, ಬಸ್ ಪಾಸು, ವಿದ್ಯಾರ್ಥಿವೇತನದ ದೂರುಗಳು ಮಾತ್ರ ಒಕ್ಕೂಟದಿಂದ ಜಾರಿ ಬೀದಿಗಿಳಿಯುವ ಸಂಘಟನೆಗಳ ಪಾಲಾದವು. ರೋಗಕ್ಕೆ ಮದ್ದು ಬೇಕಿತ್ತು ನಿಜ, ಆದರೆ ಆಯ್ಕೆಯ ಹಕ್ಕನ್ನೇ ಕಿತ್ತುಕೊಂಡದ್ದು ಅತಿಯಾಯಿತು.

ವಿದ್ಯಾರ್ಥಿ ಚುನಾವಣೆಗಳ ಬಗ್ಗೆ ಶಿಫಾರಸು ಮಾಡಿದ ಲಿಂಗ್ಡೊ ಸಮಿತಿಯ ವರದಿಯೂ ಈ ಅಭಿಪ್ರಾಯಕ್ಕೆ ಹತ್ತಿರವಿತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಜಾರಿಗೆ ಆದೇಶಿಸಿದ ಈ ವರದಿ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ ಹಾಕಿತು, ವಯಸ್ಸಿನ ಕಟ್ಟುಪಾಡನ್ನೂ ವಿಧಿಸಿತು. ಬರೀ ಅಂಕದ ಮೇಲೆ ನಾಮಕರಣ ಬೇಡ, ನಾಮಕರಣವಿರುವ ಕಡೆ 5 ವರ್ಷದೊಳಗೆ ಚುನಾವಣೆಗೆ ಹೊರಳಬೇಕು ಎಂದೂ ಹೇಳಿತು. ಕರ್ನಾಟಕದಲ್ಲಿ ಆ ಗಡುವು ಹಾಗೇ ಕಳೆಯಿತು.

ಮುಂದೆ ರಾಯಚೂರಿಗೆ ಸ್ವಂತ ವಿಶ್ವವಿದ್ಯಾಲಯ ಬಂತು. ಹಿರೇಕೊಟ್ನೆಕಲ್‌ನಂಥ ಹಳ್ಳಿಯ ವಿದ್ಯಾರ್ಥಿಗಳಿಗೆ ಕುಲಪತಿಗಳ ಕಚೇರಿ ಈಗ ಗುಲ್ಬರ್ಗ ವಿಶ್ವವಿದ್ಯಾಲಯವಿರುವ ಕಲಬುರಗಿಯಲ್ಲಲ್ಲ, ತಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಗೆ ತಮ್ಮ ಪರವಾಗಿ ಯಾರು ಹೋಗಬೇಕೆಂದು ಮತ ಹಾಕಿ ತೀರ್ಮಾನಿಸುವ ಅವಕಾಶ ಮಾತ್ರ ಅವರಿಗೆ ಸಿಕ್ಕಿಲ್ಲ.