ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಮೇರಿ ಬಾರ್ಬರ್

ಶೀತ, ಗಂಟಲುನೋವು ಎಂದು ಹೋದರೆ ಇಲ್ಲಿನ ವೈದ್ಯರು ಆ್ಯಂಟಿಬಯಾಟಿಕ್ ಬರೆದುಕೊಡಲು ಹಿಂಜರಿಯುತ್ತಾರೆ ಎಂಬುದು ನಮ್ಮ ಬಳಗದ ಕುಟುಂಬಗಳಲ್ಲಿ ಆಗಾಗ ಕೇಳಿಬರುವ ದೂರು. ಊರಿನಿಂದ ಮರಳುವಾಗ ಮಾತ್ರೆಗಳನ್ನು ಪೆಟ್ಟಿಗೆಯ ಮೂಲೆಯಲ್ಲಿ ಸೇರಿಸಿ ತರುವವರೂ ನಮ್ಮಲ್ಲಿದ್ದಾರೆ. ಈ ಹಿಂಜರಿಕೆಗೊಂದು ಇತಿಹಾಸವಿದೆ. ಅದರ ಮುಖ್ಯ ಅಧ್ಯಾಯವೊಂದು ನಡೆದದ್ದು ಇದೇ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಹೆಸರನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಮೇರಿ ಬಾರ್ಬರ್ (1911–1965) ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೋ! ಹ್ಯಾಮರ್‌ಸ್ಮಿತ್‌ನಲ್ಲಿ ಅವರು ಬ್ಯಾಕ್ಟೀರಿಯ ತಜ್ಞೆಯಾಗಿದ್ದರು. ಕುರುಗಳಿಗೂ ಶಸ್ತ್ರಚಿಕಿತ್ಸೆಯ ಗಾಯಗಳು ಕೀವುಗಟ್ಟುವುದಕ್ಕೂ ಕಾರಣವಾಗುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯವನ್ನು ರೋಗಿಗಳ ಮಾದರಿಗಳಿಂದ ಬೆಳೆಸಿ, ಅದು ಪೆನಿಸಿಲಿನ್‌ಗೆ ಮಣಿಯುವುದೇ ಎಂದು ಪರೀಕ್ಷಿಸಿ, ತಾಳ್ಮೆಯಿಂದ ಲೆಕ್ಕವಿಡುತ್ತ ಬಂದರು. ಮಣಿಯದ ತಳಿಗಳ ಪ್ರಮಾಣ 1946ರಲ್ಲಿ ಶೇ. 14ರಷ್ಟಿತ್ತು. 1947ರಲ್ಲಿ ಅದು ಶೇ. 38ಕ್ಕೆ, 1948ರಲ್ಲಿ ಶೇ. 59ಕ್ಕೆ ಏರಿತು. ಯುದ್ಧಕಾಲದಲ್ಲಿ ಗಾಯಾಳು ಸೈನಿಕರ ಪ್ರಾಣ ಉಳಿಸಿದ ಔಷಧವು ಜನಸಾಮಾನ್ಯರನ್ನು ತಲುಪಿ ಆಗಿನ್ನೂ ಎರಡು ವರ್ಷವಷ್ಟೇ ಆಗಿತ್ತು.

ಹೀಗೇಕಾಯಿತು? ರೋಗಿಯ ದೇಹದೊಳಗೇ ಬ್ಯಾಕ್ಟೀರಿಯವು ದಿನೇ ದಿನೇ ಔಷಧಕ್ಕೆ ಒಗ್ಗಿಕೊಂಡಿತೆಂದು ಊಹಿಸುವುದು ಸಹಜ. ಬಾರ್ಬರ್ ಕಂಡದ್ದು ಬೇರೆಯೇ. ಪೆನಿಸಿಲಿನ್ನನ್ನು ಒಡೆದುಹಾಕುವ ಪೆನಿಸಿಲಿನೇಸ್ ಎಂಬ ಕಿಣ್ವವನ್ನು ತಯಾರಿಸಬಲ್ಲ ತಳಿಗಳು ಮೊದಲೇ ಅಲ್ಪಸಂಖ್ಯೆಯಲ್ಲಿದ್ದವು. ಒಂದು ಕಳೆಯನ್ನು ಕಿತ್ತ ಹೊಲದಲ್ಲಿ ಇನ್ನೊಂದು ಕಳೆ ಹಬ್ಬುವಂತೆ, ಔಷಧವು ಉಳಿದ ತಳಿಗಳನ್ನು ಕೊಂದು ಇವುಗಳಿಗೆ ಜಾಗ ಮಾಡಿಕೊಟ್ಟಿತು. ಮುಂದೆ ಅವು ರೋಗಿಯಿಂದ ರೋಗಿಗೆ, ಆರೈಕೆ ಮಾಡುವವರ ಕೈಗಳ ಮೂಲಕ, ಆಸ್ಪತ್ರೆಯ ತುಂಬ ಹರಡಿದವು. ಗುಣಪಡಿಸಬೇಕಾದ ಮನೆಯೇ ಅವುಗಳ ನೆಲೆಯಾಯಿತು.

ನಡುವೆ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದು, 1958ರಲ್ಲಿ ಬಾರ್ಬರ್ ಹ್ಯಾಮರ್‌ಸ್ಮಿತ್‌ಗೆ ಮರಳಿದರು. ಅಲ್ಲಿ ಸಹೋದ್ಯೋಗಿಗಳೊಡನೆ ಪೆನಿಸಿಲಿನ್ ಬಳಕೆಯನ್ನು ಬಿಗಿಗೊಳಿಸಿದರು. ಇತರ ಆ್ಯಂಟಿಬಯಾಟಿಕ್‌ಗಳನ್ನು ಜೋಡಿಯಾಗಿ ಕೊಡುವ ಪದ್ಧತಿ ತಂದರು. ಸೋಂಕು ಒಬ್ಬರಿಂದೊಬ್ಬರಿಗೆ ದಾಟದಂತೆ ಎಚ್ಚರ ವಹಿಸಿದರು. ವೈದ್ಯರ ಲೇಖನಿಗೆ ಕಡಿವಾಣ ಹಾಕುವುದು ಸುಲಭದ ಮಾತಲ್ಲ. ನಮ್ಮ ಬಳಗದ ವೈದ್ಯಮಿತ್ರರು ಇದನ್ನು ನಗುತ್ತಲೇ ಒಪ್ಪಿಯಾರು! ಆದರೂ ಫಲ ದೊರೆಯಿತು. ಆಸ್ಪತ್ರೆಯಲ್ಲಿ ನಿರೋಧಕ ತಳಿಗಳ ಪ್ರಮಾಣ ಇಳಿಮುಖವಾಯಿತೆಂದು 1960ರಲ್ಲಿ ಅವರು ವರದಿ ಮಾಡಿದರು. ಅಪಾಯವನ್ನು ಗುರುತಿಸಿದ್ದಕ್ಕಿಂತ, ಅದನ್ನು ಹಿಮ್ಮೆಟ್ಟಿಸಬಹುದೆಂದು ತೋರಿಸಿದ ಈ ಎರಡನೆಯ ಕೆಲಸವೇ ಹಿರಿದೆಂದು ನಮಗೆ ತೋರುತ್ತದೆ.

1963ರಲ್ಲಿ ಲಾರೆನ್ಸ್ ಗ್ಯಾರಡ್ ಅವರೊಡನೆ ಬಾರ್ಬರ್ ಬರೆದ ಆ್ಯಂಟಿಬಯಾಟಿಕ್‌ಗಳ ಕುರಿತ ಪಠ್ಯಪುಸ್ತಕವು ಮುಂದೆ ಅನೇಕ ಆವೃತ್ತಿಗಳನ್ನು ಕಂಡಿತು. ಅದು ಪ್ರಕಟವಾದ ಎರಡೇ ವರ್ಷಕ್ಕೆ ಅವರು ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಅಷ್ಟರಲ್ಲಾಗಲೇ ರೋಗಾಣುವಿನ ಮುಂದಿನ ಹೆಜ್ಜೆ ಬೆಳಕಿಗೆ ಬಂದಿತ್ತು. ಪೆನಿಸಿಲಿನೇಸ್‌ಗೆ ಜಗ್ಗದ ಮೆಥಿಸಿಲಿನ್ ಎಂಬ ಹೊಸ ಔಷಧ ಬಂದ ಮರುವರ್ಷ, 1961ರಲ್ಲಿ, ಕಾಲಿಂಡೇಲ್‌ನ ಪ್ರಯೋಗಾಲಯದಲ್ಲಿ ಪೆಟ್ರೀಷಿಯಾ ಜೆವನ್ಸ್ ಅದಕ್ಕೂ ಮಣಿಯದ ಸ್ಟೆಫಿಲೊಕಾಕಸನ್ನು ಗುರುತಿಸಿದ್ದರು. ಎಂಆರ್‌ಎಸ್‌ಎ ಎಂದು ಇಂದು ಕರೆಯುವುದು ಇದನ್ನೇ. ಇಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಹತ್ತಿ ಸುತ್ತಿದ ಕಡ್ಡಿಯಿಂದ ಮೂಗಿನ ಮಾದರಿ ತೆಗೆಯುವುದೂ ಇದನ್ನು ಹುಡುಕಲೆಂದೇ.