ಶಿಲಾಕ್ಷರದಿಂದ ಗಣಕಾಕ್ಷರಕ್ಕೆ: ನಾಡೋಜ ಕೆ. ಪಿ. ರಾವ್ ಅವರ ಅಕ್ಷರಸೇವೆ



ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು, ಬೇಲೂರುಗಳನ್ನು ಸಂದರ್ಶಿಸದವರು ನಮ್ಮಲ್ಲಿ ವಿರಳ. ಬೇಲೂರಿನ ಮದನಿಕೆಯರನ್ನು ಎಲ್ಲರೂ ಕಣ್ತುಂಬ ನೋಡುತ್ತಾರೆ. ಅಲ್ಲಿಯ ಶಿಲ್ಪಗಳ ಕೆಳಗೆ ಕೊರೆದಿರುವ ಕನ್ನಡ ಅಕ್ಷರಗಳತ್ತ ದೃಷ್ಟಿ ಹರಿಸುವವರು ಕೆಲವರು ಮಾತ್ರ. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮುಂತಾದ ರೂವಾರಿಗಳು ತಮ್ಮ ಹೆಸರುಗಳನ್ನು ಅಲ್ಲಿ ಉಳಿಸಿ ಹೋಗಿದ್ದಾರೆ. ಅದೇ ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ವಿದ್ವಾಂಸರು ಎಣಿಸುತ್ತಾರೆ. ಕನ್ನಡದ ಅಕ್ಷರಚರಿತ್ರೆಗೆ ಈ ಸೀಮೆಯೇ ಒಂದು ಹೆಬ್ಬಾಗಿಲು.

ಅಕ್ಷರವು ನಾಶವಿಲ್ಲದ್ದು ಎಂದು ಹೆಸರೇ ಹೇಳುತ್ತದೆ. ಆದರೆ ಅಕ್ಷರವನ್ನು ಹೊರುವ ಉಪಕರಣಗಳು ನಶ್ವರ. ಶಿಲೆಯಿಂದ ತಾಳೆಗರಿಗೆ, ತಾಳೆಗರಿಯಿಂದ ಅಚ್ಚಿನ ಮೊಳೆಗೆ ನುಡಿಯು ದಾಟಿದಾಗಲೆಲ್ಲ ದಾಟಿಸುವ ಒಬ್ಬ ಪುಣ್ಯಾತ್ಮನು ಬೇಕಾಗಿದ್ದಾನೆ. ತಾಳೆಗರಿಗಳ ಕಟ್ಟುಗಳಲ್ಲಿ ಹುದುಗಿದ್ದ ವಚನಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಡಾ. ಫ. ಗು. ಹಳಕಟ್ಟಿಯವರನ್ನು ನಾವು ನಿತ್ಯ ಸ್ಮರಿಸುವುದು ಇದೇ ಕಾರಣಕ್ಕೆ. ಅಚ್ಚಿನ ಮೊಳೆಯಿಂದ ಗಣಕಯಂತ್ರಕ್ಕೆ ಕನ್ನಡವನ್ನು ದಾಟಿಸಿದವರಲ್ಲಿ ಅಗ್ರಗಣ್ಯರಾದ ಕಿನ್ನಿಕಂಬಳ ಪದ್ಮನಾಭ ರಾಯರ ಪರಿಚಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಕೆ. ಪಿ. ರಾವ್ ಎಂದೇ ಪ್ರಸಿದ್ಧರಾದ ಇವರು 1940ರಲ್ಲಿ ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಜನಿಸಿದರು. ಉದ್ಯೋಗನಿಮಿತ್ತ ಮುಂಬಯಿ ಸೇರಿ, ಟಾಟಾ ಪ್ರೆಸ್ಸಿನ ಮೂಲಕ ಮುದ್ರಣ ಮತ್ತು ಗಣಕ ಎರಡರ ಸಂಪರ್ಕವನ್ನೂ ಪಡೆದರು. ಐರಾವತಂ ಮಹಾದೇವನ್ ಅವರು ಸಿಂಧೂ ಲಿಪಿಯ ಅಧ್ಯಯನಕ್ಕೆ ಗಣಕದ ನೆರವು ಪಡೆದಾಗ ಆ ಕಾರ್ಯದಲ್ಲಿ ಕೈಜೋಡಿಸಿದರು. ಹೀಗೆ ಅತಿ ಪ್ರಾಚೀನ ಲಿಪಿ ಮತ್ತು ಅತಿ ನೂತನ ಯಂತ್ರಗಳೆರಡೂ ಒಬ್ಬರ ಕೈಯಲ್ಲೇ ಸೇರಿದವು.

ಅವರ ಮುಂದಿದ್ದ ಸಮಸ್ಯೆಯನ್ನು ವಾಚಕರು ಚೆನ್ನಾಗಿ ಗ್ರಹಿಸಬೇಕು. ಇಂಗ್ಲಿಷಿಗೆ 26 ಅಕ್ಷರಗಳು ಸಾಕು. ಕನ್ನಡದಲ್ಲಿ ಮೂಲಾಕ್ಷರಗಳು ಐವತ್ತರ ಆಸುಪಾಸು. ಗುಣಿತಾಕ್ಷರ, ಒತ್ತಕ್ಷರಗಳು ಸೇರಿದರೆ ರೂಪಗಳು ಲೆಕ್ಕ ಮೀರುತ್ತವೆ. ಅಚ್ಚುಕೂಟದ ಮೊಳೆ ಜೋಡಿಸುವವರು ಮನೆಮನೆಯಾಗಿ ವಿಂಗಡಿಸಿದ ನೂರಾರು ಮೊಳೆಗಳ ನಡುವೆ ಕೈಯಾಡಿಸಬೇಕಾಗಿತ್ತು. ಬೆರಳಚ್ಚು ಯಂತ್ರದಲ್ಲಿ ತಲೆಕಟ್ಟು, ಕೊಂಬು, ಒತ್ತು ಎಂದು ಅಕ್ಷರದ ಅಂಗಾಂಗಗಳನ್ನು ಒಂದೊಂದಾಗಿ ಹೊಡೆಯಬೇಕಾಗಿತ್ತು. ಎರಡರಲ್ಲಿಯೂ ಮನುಷ್ಯನು ಅಕ್ಷರದ ಆಕಾರವನ್ನು ಬೆನ್ನಟ್ಟುತ್ತಿದ್ದನು.

ರಾಯರು ಆಕಾರವನ್ನು ಯಂತ್ರಕ್ಕೆ ಬಿಟ್ಟು, ಧ್ವನಿಯನ್ನು ಮಾತ್ರ ಮನುಷ್ಯನಿಗೆ ಉಳಿಸಿದರು. ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ. ಕೆ ಎಂಬ ಕೀಲಿ ಒತ್ತಿದರೆ 'ಕ'. ಶಿಫ್ಟ್ ಕೀಲಿಯೊಡನೆ ಅದನ್ನೇ ಒತ್ತಿದರೆ ಮಹಾಪ್ರಾಣವಾದ 'ಖ'. ಸ್ವರವನ್ನು ಸೇರಿಸಿದರೆ ಗುಣಿತ. ಎರಡು ವ್ಯಂಜನಗಳ ನಡುವೆ ಎಫ್ ಎಂಬ ಕೀಲಿಯನ್ನು ಬೆಸುಗೆಯಾಗಿ ಇಟ್ಟರೆ ಒತ್ತಕ್ಷರ. 'ಬಸವ' ಎಂದು ಬರೆಯಲು ಬಿ, ಎಸ್, ವಿ ಎಂಬ ಮೂರು ಕೀಲಿಗಳು ಸಾಕು. 'ಅಕ್ಕ' ಎಂದು ಬರೆಯಲು ಎ, ಕೆ, ಎಫ್, ಕೆ. ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡದ ಸಮಸ್ತ ವರ್ಣಮಾಲೆಯೂ ಅಡಗಿತು. ಹೊಯ್ಸಳರ ಕಾಲದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಕೇಶಿರಾಜನು ಸ್ವರ ವ್ಯಂಜನಗಳನ್ನು ಬೇರ್ಪಡಿಸಿ ಸಂಧಿಯನ್ನು ವಿವರಿಸಿದನಷ್ಟೆ. ಆ ವ್ಯಾಕರಣದ ವಿವೇಕವೇ ಇಲ್ಲಿ ಯಂತ್ರದ ವಿವೇಕವಾಯಿತು.

ಅವರ ಔದಾರ್ಯವು ಇದಕ್ಕಿಂತಲೂ ಹಿರಿದು. ತಾವು ರೂಪಿಸಿದ ತಂತ್ರಾಂಶಕ್ಕೆ ರಾಯರು ತಮ್ಮ ಹೆಸರನ್ನು ಇಡದೆ, ಛಂದಸ್ಸು, ಭಾಷಾಶಾಸ್ತ್ರಗಳ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಬೆಲೆ ಕಟ್ಟದೆ ಅದನ್ನು ಕನ್ನಡಿಗರಿಗೆ ಒಪ್ಪಿಸಿದರು. ಅವರ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರವು 2000ದಲ್ಲಿ ಅಧಿಕೃತವೆಂದು ಅಂಗೀಕರಿಸಿತು; ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗಳನ್ನು ಮುಟ್ಟಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಗೌರವವನ್ನಿತ್ತು ಅವರನ್ನು ಮನ್ನಿಸಿತು.

ಈ ಸಾಧನೆ ಒಬ್ಬರದೇ ಅಲ್ಲವೆಂಬುದೂ ಸತ್ಯ. ಬೇಲೂರಿಗೆ ನೆರೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಬಹುವಾಗಿ ಶ್ರಮಿಸಿದರು. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂದಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವನ್ನು ವಿಧಿಸುವ ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಬಹುಕಾಲ ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತವನ್ನು ಬಳಸಿದ್ದರಿಂದ, ಒಂದು ಗಣಕದಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತಿತ್ತು.

ಇಲ್ಲಿ ನಮಗೊಂದು ಕರ್ತವ್ಯವಿದೆ. ಆ ಹಳೆಯ ಸಂಕೇತಗಳಲ್ಲಿ ಅಚ್ಚಾದ ಸ್ಮರಣ ಸಂಚಿಕೆಗಳು, ಉಪನ್ಯಾಸಗಳು, ವಂಶಾವಳಿಗಳು ನಿಮ್ಮ ಊರಿನ ಗಣಕಗಳಲ್ಲಿ ಉಳಿದಿದ್ದರೆ ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಇಡಿರಿ. ತಾಳೆಗರಿಗೆ ಗೆದ್ದಲು ಹತ್ತುವುದು ಕಣ್ಣಿಗೆ ಕಾಣುತ್ತದೆ. ಗಣಕದ ಕಡತಕ್ಕೆ ಹತ್ತುವ ಗೆದ್ದಲು ಕಾಣುವುದಿಲ್ಲ. ಮಕ್ಕಳು ಮೊಬೈಲಿನಲ್ಲಿ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ಕಂಡರೆ ಬೈಯಬೇಡಿರಿ, ಹತ್ತಿರ ಕೂರಿಸಿಕೊಂಡು ಕನ್ನಡದ ಕೀಲಿಮಣೆಯನ್ನು ತೋರಿಸಿರಿ. 'ಬಸವ' ಎಂಬ ಹೆಸರಿಗೆ ಮೂರೇ ಕೀಲಿಗಳೆಂದು ತಿಳಿದ ಮಗುವು ಮತ್ತೆ ಪರಲಿಪಿಯ ಆಸರೆಯನ್ನು ಹುಡುಕದು.