ಹೆಸರೆರಡು, ವಸ್ತುವೊಂದು

ಗ್ರೀಕ್ ಪುರಾಣದ ಪ್ರೊಮಿಥಿಯಸನ ಕಥೆಯನ್ನು ವಾಚಕರು ಬಲ್ಲರು. ಬೆಂಕಿಯನ್ನು ಕದ್ದು ಮಾನವರಿಗೆ ಕೊಟ್ಟ ತಪ್ಪಿಗಾಗಿ ಅವನನ್ನು ಬಂಡೆಗೆ ಬಿಗಿದರು. ಹಗಲು ಹದ್ದು ಅವನ ಯಕೃತ್ತನ್ನು ಕುಕ್ಕಿ ತಿನ್ನುವುದು; ಇರುಳು ಅದು ಮತ್ತೆ ಬೆಳೆಯುವುದು. ಕಥೆ ಕಲ್ಪಿತವಾದರೂ ಅದರೊಳಗಿನ ಒಂದು ಮಾತು ದಿಟ. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ವಿಜ್ಞಾನಿಗಳು ಇಲಿಯ ಯಕೃತ್ತಿನ ಮೂರರಲ್ಲೆರಡು ಪಾಲನ್ನು ಕತ್ತರಿಸಿ ತೆಗೆದರು. ಕೆಲವು ವಾರಗಳೊಳಗಾಗಿ ಉಳಿದ ಪಾಲೇ ಬೆಳೆದು ಹಿಂದಿನ ತೂಕಕ್ಕೆ ಬಂದಿತು.

ಬೆಳೆಯೆಂದು ಅಪ್ಪಣೆ ಕೊಟ್ಟವರಾರು? 1967ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಎರಡು ಇಲಿಗಳ ರಕ್ತ ಒಂದರಿಂದೊಂದಕ್ಕೆ ಹರಿಯುವಂತೆ ಜೋಡಿಸಿದರು. ಒಂದರ ಯಕೃತ್ತನ್ನು ಕತ್ತರಿಸಿದರೆ, ಗಾಯವೇ ಆಗದ ಇನ್ನೊಂದರ ಯಕೃತ್ತೂ ಬೆಳವಣಿಗೆಗೆ ಅಣಿಯಾಯಿತು! ಅಪ್ಪಣೆ ರಕ್ತದಲ್ಲಿ ಸಾಗಿ ಬರುತ್ತದೆಂದು ಇದರಿಂದ ತಿಳಿಯಿತು. 1984ರಲ್ಲಿ ಜಪಾನಿನ ತೋಷಿಕಾಝು ನಕಮುರ ಮತ್ತು ಅವರ ಸಂಗಡಿಗರು ಅಂಥದೊಂದು ಪ್ರೋಟೀನನ್ನು ಇಲಿಯ ರಕ್ತದಲ್ಲಿ ಗುರುತಿಸಿದರು. ಅದಕ್ಕೆ ಬಂದ ಹೆಸರನ್ನು ‘ಯಕೃತ್ಕೋಶ ವೃದ್ಧಿಕಾರಕ’ ಎಂದು ಕನ್ನಡಿಸಬಹುದು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಮೈಕೇಲ್ ಸ್ಟೋಕರ್ ಬೇರೊಂದು ವಿಚಿತ್ರವನ್ನು ನೋಡುತ್ತಿದ್ದರು. ಗಾಜಿನ ತಟ್ಟೆಯಲ್ಲಿ ಒತ್ತೊತ್ತಾಗಿ ಗುಂಪುಗೂಡಿದ್ದ ಜೀವಕೋಶಗಳು, ಬೇರೆ ಬಗೆಯ ಕೋಶಗಳನ್ನು ಬೆಳೆಸಿದ್ದ ದ್ರವವನ್ನು ಎರೆದೊಡನೆ ಕೈಬಿಡಿಸಿಕೊಂಡು ಚದುರಿಹೋದುವು. 1985ರಲ್ಲಿ ಪ್ರಕಟವಾದ ಈ ಶೋಧದ ವಸ್ತುವಿಗೆ ‘ಚದುರಿಸುವ ಕಾರಕ’ ಎಂದು ಹೆಸರಾಯಿತು.

1991ರಲ್ಲಿ ಗುಟ್ಟು ಬಯಲಾಯಿತು. ಜಪಾನಿನ ವಸ್ತುವೂ ಇಂಗ್ಲೆಂಡಿನ ವಸ್ತುವೂ ಒಂದೇ! ಅದನ್ನು ಬರಮಾಡಿಕೊಳ್ಳಲು ಜೀವಕೋಶದ ಮೇಲಿರುವ ಗ್ರಾಹಕವು ‘ಮೆಟ್’ ಎಂಬುದೆಂದೂ ಅದೇ ವರ್ಷ ತಿಳಿಯಿತು. ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ಮೆಟ್ 1984ರಿಂದಲೇ ಹೆಸರು ಕೆಡಿಸಿಕೊಂಡಿತ್ತು.

ಒಂದೇ ವಸ್ತುವಿಗೆ ಹಲವು ಹೆಸರುಗಳಿರುವುದು ಭಾಷೆಯ ಅಧ್ಯಾಪಕನಾದ ನನಗೆ ಹೊಸದಲ್ಲ. ನಿಘಂಟಿನ ತುಂಬ ಅಂಥವೇ. ಆದರೆ ಇಲ್ಲಿ ಒಂದು ಹೆಸರು ಕಟ್ಟುವುದನ್ನು ಹೇಳಿದರೆ, ಇನ್ನೊಂದು ಚೆಲ್ಲುವುದನ್ನು ಹೇಳುತ್ತದೆ. ಯೋಚಿಸಿದರೆ ಎರಡೂ ಸರಿಯೆ. ಗಾಯ ಮಾಯಬೇಕಾದರೆ ಕೋಶಗಳು ಹೆಚ್ಚಬೇಕು. ನೆರೆಯವರ ಹಿಡಿತ ಸಡಿಲಿಸಿ ಬರಿದಾದ ಎಡೆಗೆ ಸರಿಯಲೂ ಬೇಕು. ಆರೋಗ್ಯವಂತ ಯಕೃತ್ತಿನಲ್ಲಿ ಕೆಲಸ ಮುಗಿದೊಡನೆ ಅಪ್ಪಣೆಯೂ ನಿಲ್ಲುತ್ತದೆ. ಕ್ಯಾನ್ಸರಿನ ಕೋಶಕ್ಕೆ ಆ ಅಂಕೆಯಿಲ್ಲ. ಅದೇ ಅಪ್ಪಣೆಯ ಬಲದಿಂದ ಅದು ಗುಂಪು ಬಿಟ್ಟು, ಸುತ್ತಲಿನ ಹಂದರವನ್ನು ಕರಗಿಸಿ, ರಕ್ತನಾಳವನ್ನು ಹೊಕ್ಕು, ಯಕೃತ್ತಿನ ಇನ್ನೊಂದು ಭಾಗಕ್ಕೊ ಶ್ವಾಸಕೋಶಕ್ಕೊ ಸಾಗಬಲ್ಲುದು. ಕ್ಯಾನ್ಸರಿಗೆ ಕನ್ನಡದಲ್ಲಿ ಏಡಿಗಂತಿಯೆಂಬ ಹೆಸರುಂಟಷ್ಟೆ. ಏಡಿ ಬಿಲ ಬಿಟ್ಟು ಹೊರಡುವುದು ಹೀಗೆ.

ಹಾಗಾದರೆ ಮೆಟ್ಟಿನ ಬಾಗಿಲು ಮುಚ್ಚಬಾರದೆ? ಆ ಆಸೆಯಿಂದ ಪರೀಕ್ಷಿಸಿದ ಟಿವಾಂಟಿನಿಬ್ ಎಂಬ ಮದ್ದು ರೋಗಿಗಳ ಆಯುಸ್ಸನ್ನು ಹೆಚ್ಚಿಸಲಿಲ್ಲವೆಂದು 2017ರಲ್ಲಿ ತಿಳಿದುಬಂದಿತು. ಮೆಟ್ಟಿನೊಡನೆ ಬೇರೆ ಬಾಗಿಲುಗಳನ್ನೂ ಮುಚ್ಚುವ ಕ್ಯಾಬೊಜಾಂಟಿನಿಬ್‌ಗೆ ಯಕೃತ್ತಿನ ಕ್ಯಾನ್ಸರಿನ ಚಿಕಿತ್ಸೆಗಾಗಿ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದು ಆಯುಸ್ಸಿಗೆ ಕೂಡಿಸುವುದು ಕೆಲವು ತಿಂಗಳುಗಳನ್ನು. ಈ ರೋಗ ಬಹುಮಟ್ಟಿಗೆ ಹುಟ್ಟುವುದೇ ಮೊದಲೇ ಜರ್ಜರಿತವಾದ ಯಕೃತ್ತಿನಲ್ಲಿ. ಚದುರುವುದನ್ನು ತಡೆಯಹೊರಟ ವೈದ್ಯನು, ಅಳಿದುಳಿದ ಯಕೃತ್ತು ಚೇತರಿಸಿಕೊಳ್ಳುವ ದಾರಿಯನ್ನೂ ಕಾಯಬೇಕಾಗಿದೆ.